ಮುಂಗಾರಿಗೆ ಮುನ್ನ ಹಿರಿಯರ ಲಸಿಕೆಯ ಮಾತು

ನಮ್ಮಲ್ಲಿ ಮಗು ಹುಟ್ಟಿದ ಮನೆಯಲ್ಲಿ ತಾಯಿ ಕಾರ್ಡು ಇದ್ದೇ ಇರುತ್ತದೆ. ಯಾವ ವಾರಕ್ಕೆ ಯಾವ ಚುಚ್ಚುಮದ್ದು, ಯಾವುದು ಆಗಿದೆ, ಯಾವುದು ಬಾಕಿ ಇದೆ ಎಂಬುದನ್ನು ಅಕ್ಷರ ಬಾರದ ಅಜ್ಜಿಯೂ ಹೇಳಬಲ್ಲಳು. ಒಂದು ವಾರ ತಪ್ಪಿದರೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ವಿಚಾರಿಸುತ್ತಾಳೆ. ಅದೇ ಮನೆಯಲ್ಲಿ ಎಪ್ಪತ್ತು ದಾಟಿದವರ ಫೈಲು ತೆಗೆದು ನೋಡಿದರೆ ರಕ್ತದೊತ್ತಡದ ಮಾತ್ರೆಯ ಚೀಟಿ, ಸಕ್ಕರೆಯ ವರದಿ, ಇಸಿಜಿಯ ಮಸುಕಾದ ಕಾಗದ, ಕಣ್ಣಿನ ಪೊರೆ ತೆಗೆಸಿದ ದಾಖಲೆ ಎಲ್ಲವೂ ಸಿಗುತ್ತವೆ. ಲಸಿಕೆಯ ಹೆಸರಿನ ಒಂದು ಸಾಲು ಮಾತ್ರ ಸಿಗುವುದಿಲ್ಲ. ಕೇಳಿದರೆ, ತುಕ್ಕು ಹಿಡಿದ ಮೊಳೆ ತುಳಿದಾಗ ಹಾಕಿಸಿಕೊಂಡ ಟಿಟಿ ಇಂಜೆಕ್ಷನ್ ಮತ್ತು ಕೊರೊನಾ ಕಾಲದ ಡೋಸುಗಳು, ಇವೆರಡೇ ಅವರ ನೆನಪಿನಲ್ಲಿರುತ್ತವೆ. ಲಸಿಕೆ ಎಂಬುದು ಮಕ್ಕಳ ವಿಷಯ ಎಂದು ನಾವು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೇವೆ. ಆ ತೀರ್ಮಾನದ ಬೆಲೆಯನ್ನು ಪ್ರತಿ ಮಳೆಗಾಲದಲ್ಲಿ, ಪ್ರತಿ ಚಳಿಗಾಲದಲ್ಲಿ ನಮ್ಮ ಹಿರಿಯರು ತೆರುತ್ತಿದ್ದಾರೆ ಎಂಬುದೇ ಈ ಬರಹದ ಕಾಳಜಿ.

ಊರಿನಲ್ಲಿ ವಯಸ್ಸಾದವರ ಸಾವಿನ ಸುದ್ದಿ ಬಂದಾಗ ಕೇಳಿಬರುವ ವಿವರಣೆ ಹೆಚ್ಚುಕಡಿಮೆ ಒಂದೇ ರೀತಿಯದು. ಶೀತವಾಗಿತ್ತು, ಎದೆಗೆ ಇಳಿಯಿತು, ನಾಲ್ಕು ದಿನ ಕಫ ಕಟ್ಟಿಕೊಂಡು ಗೊರಗೊರ ಎನ್ನುತ್ತಿತ್ತು, ಹೋದರು. ಕೇಳಿದವರು ಪಾಪ, ವಯಸ್ಸಾಗಿತ್ತಲ್ಲ, ಹೆಚ್ಚು ನರಳಲಿಲ್ಲ ಬಿಡಿ ಎನ್ನುತ್ತಾರೆ. ಆ ನಾಲ್ಕು ದಿನದ ಕಾಯಿಲೆಯ ಹೆಸರು ಹೆಚ್ಚಿನ ಸಲ ನ್ಯುಮೋನಿಯಾ ಎಂಬುದನ್ನು ಯಾರೂ ಹೇಳುವುದಿಲ್ಲ. ಇಂಥ ಸಮಾಧಾನ ನಮ್ಮ ಹಳ್ಳಿಗಳಿಗಷ್ಟೇ ಸೀಮಿತವಾದುದೇನಲ್ಲ. ಆಧುನಿಕ ವೈದ್ಯಶಿಕ್ಷಣಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ವಿಲಿಯಂ ಆಸ್ಲರ್ ಅವರೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯುಮೋನಿಯಾವನ್ನು ಮುದುಕರ ಮಿತ್ರ ಎಂಬರ್ಥದಲ್ಲಿ ಕರೆದಿದ್ದರು. ಅವರೇ ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, 1919ರ ಡಿಸೆಂಬರ್‌ನಲ್ಲಿ, ನ್ಯುಮೋನಿಯಾ ಮತ್ತು ಅದರಿಂದ ಎದೆಗೂಡಿನಲ್ಲಿ ತುಂಬಿಕೊಂಡ ಕೀವಿನಿಂದ ವಾರಗಟ್ಟಲೆ ನರಳಿ ತೀರಿಕೊಂಡರು. ಆ ಕಾಯಿಲೆಯಲ್ಲಿ ಮಿತ್ರನ ಲಕ್ಷಣ ನನಗಂತೂ ಯಾವತ್ತೂ ಕಂಡಿಲ್ಲ. ಉಸಿರಿಗಾಗಿ ಹೋರಾಡುವುದು ನೋವಿಲ್ಲದ ಸ್ಥಿತಿ ಎನ್ನುವುದು ನೋಡಿಕೊಳ್ಳುವವರು ತಮಗೆ ತಾವು ಹೇಳಿಕೊಳ್ಳುವ ಸಮಾಧಾನ. ಬದುಕಿ ಮನೆಗೆ ಮರಳಿದವರ ಕಥೆಯೂ ಸುಲಭವಲ್ಲ. ಆಸ್ಪತ್ರೆಗೆ ಹೋಗುವ ಮುಂಚೆ ಹಿತ್ತಲಿಗೆ ಹೋಗಿ ಹೂ ಕೊಯ್ದು ತರುತ್ತಿದ್ದವರು, ಬಂದ ಮೇಲೆ ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಕೈ ಹಿಡಿಯಬೇಕಾಗುತ್ತದೆ. ತೊಡೆಯ ಮಾಂಸ ಕರಗಿರುತ್ತದೆ, ಊಟ ಸೇರುವುದಿಲ್ಲ, ಮನಸ್ಸಿನ ಚುರುಕು ಮೊದಲಿನಂತೆ ಮರಳುವುದಿಲ್ಲ.

ಶ್ವಾಸಕೋಶದ ತುದಿಯಲ್ಲಿರುವ ಗಾಳಿಚೀಲಗಳಲ್ಲಿ ಗಾಳಿಯ ಬದಲು ಕೀವು ಮತ್ತು ದ್ರವ ತುಂಬಿಕೊಳ್ಳುವುದೇ ನ್ಯುಮೋನಿಯಾ. ಬ್ಯಾಕ್ಟೀರಿಯಾ, ವೈರಸ್, ಕೆಲವೊಮ್ಮೆ ಶಿಲೀಂಧ್ರ, ಇವುಗಳಲ್ಲಿ ಯಾವುದರಿಂದಲೂ ಅದು ಬರಬಹುದು. ವಯಸ್ಸಾದಂತೆ ದೇಹದ ಹಲವು ಕಾವಲುಗಳು ಒಟ್ಟೊಟ್ಟಿಗೆ ಸಡಿಲಾಗುತ್ತವೆ. ಶ್ವಾಸನಾಳದ ಒಳಪದರದಲ್ಲಿ ಧೂಳು, ಕಫಗಳನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ನಿಧಾನವಾಗುತ್ತವೆ, ಕೆಮ್ಮಿ ಹೊರಹಾಕುವ ಬಲ ಕುಗ್ಗುತ್ತದೆ, ಎದೆಗೂಡು ಬಿಗಿಯಾಗುತ್ತದೆ, ಹೊಸ ರೋಗಾಣುವನ್ನು ಗುರುತಿಸಿ ಎದುರಿಸುವ ರಕ್ಷಣಾಕೋಶಗಳ ಸಂಗ್ರಹವೂ ಕಡಿಮೆಯಾಗುತ್ತದೆ. ಇದರ ಮೇಲೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ, ಹಳೆಯ ಉಬ್ಬಸ ಅಥವಾ ಬೀಡಿ ಸೇದಿದ ಇತಿಹಾಸ ಸೇರಿದರೆ, ಮನೆಯ ಕಿರಿಯರಿಗೆ ಮೂರು ದಿನದ ನೆಗಡಿಯಾಗಿ ಹೋಗುವುದು ಹಿರಿಯರಿಗೆ ಆಸ್ಪತ್ರೆಯ ದಾರಿ ತೋರಿಸುತ್ತದೆ.

ಕಾಯಿಲೆ ಕಾಣಿಸಿಕೊಳ್ಳುವ ರೀತಿಯೂ ಬೇರೆಯೇ. ನಮ್ಮ ಸೋದರತ್ತೆ ಎಂಬತ್ತರ ಆಸುಪಾಸಿನಲ್ಲಿದ್ದಾಗ ಒಂದು ಆಷಾಢದಲ್ಲಿ ಅವರಿಗೆ ಜ್ವರವೇ ಬರಲಿಲ್ಲ, ಹೇಳಿಕೊಳ್ಳುವಂಥ ಕೆಮ್ಮೂ ಇರಲಿಲ್ಲ. ಬೆಳಗಿನ ಕಾಫಿಯ ಲೋಟ ಹಾಗೇ ತಣ್ಣಗಾಗಿ ಕುಳಿತಿತ್ತು. ಮಧ್ಯಾಹ್ನ ಗಂಜಿ ಬೇಡವೆಂದರು. ಸಂಜೆ ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆದು, ಗದ್ದೆಯಿಂದ ಆಳುಗಳು ಬಂದರೇ ಎಂದು ಕೇಳಿದರು; ಆ ಗದ್ದೆ ಮಾರಿ ದಶಕಗಳೇ ಕಳೆದಿದ್ದವು. ವಯಸ್ಸಿನ ಮರುಳು ಎಂದು ಮನೆಯವರೆಲ್ಲ ಅಂದುಕೊಳ್ಳುತ್ತಿರುವಾಗ, ಊರಿನ ಉಪಕೇಂದ್ರದ ನರ್ಸ್ ಬಂದವರು ಮಾತನಾಡದೆ ಅತ್ತೆಯ ಪಕ್ಕ ಕುಳಿತು, ಅವರ ಹೊಟ್ಟೆಯ ಮೇಲೆ ಹಗುರವಾಗಿ ಕೈಯಿಟ್ಟು, ಕೈಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದರು. ಮೂವತ್ತರ ಮೇಲಿತ್ತು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ತೊಂಬತ್ತರ ಕೆಳಗೆ ತೋರಿಸಿತು. ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಬಲಭಾಗದ ಕೆಳಗಿನ ಅಂಚು ಪೂರ್ತಿ ಬೆಳ್ಳಗಾಗಿತ್ತು. ಆರಾಮವಾಗಿ ಕುಳಿತಿರುವ ವಯಸ್ಕರು ನಿಮಿಷಕ್ಕೆ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾರೆ. ಮೂವತ್ತು ಮುಟ್ಟಿತೆಂದರೆ ಅದು ಗಂಭೀರವೆಂದು ವೈದ್ಯರು ಎಣಿಸುತ್ತಾರೆ. ಹೊಸದಾಗಿ ಬಂದ ಗೊಂದಲ, ಕಾರಣವಿಲ್ಲದೆ ಬೀಳುವುದು, ಇದ್ದಕ್ಕಿದ್ದಂತೆ ಊಟ ಬಿಡುವುದು, ಇವು ಹಿರಿಯರಲ್ಲಿ ನ್ಯುಮೋನಿಯಾದ ಮೊದಲ ಮತ್ತು ಕೆಲವೊಮ್ಮೆ ಏಕೈಕ ಲಕ್ಷಣಗಳಾಗಿರಬಹುದು. ಹಿರಿಯರಿರುವ ಪ್ರತಿ ಮನೆಯಲ್ಲೂ ಒಬ್ಬರಾದರೂ ಉಸಿರು ಎಣಿಸಲು ಕಲಿತಿರಬೇಕೆಂದು ನನಗೆ ಆಗಿನಿಂದ ಅನ್ನಿಸುತ್ತಲೇ ಇದೆ. ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ಅತ್ತೆ ಉಳಿದರು. ಒಳ್ಳೆಯ ಆಂಟಿಬಯಾಟಿಕ್ ಇರುವಾಗ ಲಸಿಕೆ ಯಾಕೆ ಎಂಬ ಪ್ರಶ್ನೆಯನ್ನು ಆಗ ಮನೆಯಲ್ಲಿ ಹಲವರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಇತಿಹಾಸವೂ ಇದೆ. ಹಿರಿಯರಲ್ಲಿ ಬ್ಯಾಕ್ಟೀರಿಯಾದ ನ್ಯುಮೋನಿಯಾಕ್ಕೆ ಬಹುಮುಖ್ಯ ಕಾರಣವಾದ ನ್ಯುಮೋಕಾಕಸ್ ಎಂಬ ರೋಗಾಣುವನ್ನು 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ ಬೇರೆ ಬೇರೆಯಾಗಿ ಪತ್ತೆ ಹಚ್ಚಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ, ಇಕ್ಕಟ್ಟಾದ ವಸತಿಗಳಲ್ಲಿ ತುಂಬಿಡಲಾಗಿದ್ದ ಕಾರ್ಮಿಕರು ನ್ಯುಮೋನಿಯಾದಿಂದ ಸಾಲುಸಾಲಾಗಿ ಸಾಯುತ್ತಿದ್ದಾಗ, 1911ರಲ್ಲಿ ಬ್ರಿಟನ್ನಿನ ವೈದ್ಯವಿಜ್ಞಾನಿ ಆಲ್ಮ್‌ರಾತ್ ರೈಟ್ ಅಲ್ಲಿ ಮೊದಲ ಲಸಿಕೆಯ ಪ್ರಯೋಗ ನಡೆಸಿದರು. 1940ರ ದಶಕದಲ್ಲಿ ಸುಧಾರಿತ ಲಸಿಕೆಗಳು ಮಾರುಕಟ್ಟೆಗೂ ಬಂದವು. ಅಷ್ಟರಲ್ಲಿ ಪೆನಿಸಿಲಿನ್ ಬಂದಿತ್ತು. ಔಷಧಿ ಇರುವಾಗ ಲಸಿಕೆಯ ಗೊಡವೆ ಯಾಕೆಂದು ವೈದ್ಯರೇ ಕೈಬಿಟ್ಟರು, ತಯಾರಕರು ಅದನ್ನು ಹಿಂದಕ್ಕೆ ಪಡೆದರು. ಈ ನಂಬಿಕೆಯನ್ನು ಪ್ರಶ್ನಿಸಿದವರು ರಾಬರ್ಟ್ ಆಸ್ಟ್ರಿಯನ್ ಎಂಬ ವೈದ್ಯ. ಬ್ರೂಕ್ಲಿನ್ನಿನ ಆಸ್ಪತ್ರೆಯೊಂದರ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, ಅವರು ತಮ್ಮ ಸಹೋದ್ಯೋಗಿಯೊಡನೆ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಅಪ್ರಿಯ ಸತ್ಯವನ್ನು ತೋರಿಸಿದರು: ರೋಗಾಣು ರಕ್ತಕ್ಕೂ ಸೇರಿದ ತೀವ್ರ ಕಾಯಿಲೆಯಲ್ಲಿ ಮೊದಲ ಕೆಲವು ದಿನಗಳಲ್ಲೇ ಸಾಯುವವರನ್ನು ಪೆನಿಸಿಲಿನ್ ಉಳಿಸುತ್ತಿರಲಿಲ್ಲ. ಔಷಧಿ ಕೆಲಸ ಶುರುಮಾಡುವ ಹೊತ್ತಿಗೆ ದೇಹಕ್ಕೆ ಆಗಬೇಕಾದ ಹಾನಿ ಆಗಿಹೋಗಿರುತ್ತಿತ್ತು. ಅಂಥವರಿಗೆ ಕಾಯಿಲೆ ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ಆಸ್ಟ್ರಿಯನ್ ಮತ್ತೆ ದಕ್ಷಿಣ ಆಫ್ರಿಕಾದ ಗಣಿಗಳಲ್ಲೇ ಪ್ರಯೋಗ ನಡೆಸಿದ ಫಲವಾಗಿ 1977ರಲ್ಲಿ ಹದಿನಾಲ್ಕು ಬಗೆಯ ನ್ಯುಮೋಕಾಕಸ್‌ಗಳ ವಿರುದ್ಧದ ಲಸಿಕೆಗೂ, 1983ರಲ್ಲಿ ಇಪ್ಪತ್ತಮೂರು ಬಗೆಗಳ ವಿರುದ್ಧದ ಲಸಿಕೆಗೂ ಅಮೆರಿಕದಲ್ಲಿ ಪರವಾನಗಿ ದೊರೆಯಿತು. ಆ ಇಪ್ಪತ್ತಮೂರರದ್ದು ಇಂದಿಗೂ ಬಳಕೆಯಲ್ಲಿದೆ. ಚೀಟಿಯಲ್ಲಿ ಪಿಪಿಎಸ್‌ವಿ 23 ಎಂದು ಬರೆದಿದ್ದರೆ ಅದು ಇದೇ.

ಬಗೆಗಳು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನ್ಯುಮೋಕಾಕಸ್ ತನ್ನ ಸುತ್ತ ಸಕ್ಕರೆಯ ಕಣಗಳ ದಪ್ಪ ಹೊದಿಕೆಯೊಂದನ್ನು ಹೊದ್ದಿರುತ್ತದೆ. ಆ ಹೊದಿಕೆಯಿಂದಾಗಿ ರಕ್ತದ ಬಿಳಿಕಣಗಳಿಗೆ ಅದನ್ನು ಹಿಡಿದು ನುಂಗುವುದು ಕಷ್ಟ. ಹೊದಿಕೆಯ ರಚನೆಯಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ, ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೆ ಹೆಚ್ಚಿನ ಪಾಲು ಉಪಯೋಗಕ್ಕೆ ಬರುವುದಿಲ್ಲ. ಹಳೆಯ ಲಸಿಕೆಯಲ್ಲಿ ಈ ಸಕ್ಕರೆಯ ಅಂಶ ಮಾತ್ರ ಇರುತ್ತದೆ. ಅದು ಪ್ರತಿಕಾಯಗಳನ್ನು ಹುಟ್ಟಿಸುತ್ತದೆ, ಆದರೆ ದೇಹದಲ್ಲಿ ದೀರ್ಘಕಾಲದ ನೆನಪನ್ನು ಉಳಿಸುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಲ್ಲಂತೂ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ಅದೇ ಸಕ್ಕರೆಯನ್ನು ಒಂದು ಪ್ರೋಟೀನಿಗೆ, ಉದಾಹರಣೆಗೆ ವಿಷದ ಅಂಶ ಕಳೆದುಕೊಂಡ ಡಿಫ್ತೀರಿಯಾ ಪ್ರೋಟೀನಿಗೆ, ರಾಸಾಯನಿಕವಾಗಿ ಜೋಡಿಸಿದಾಗ ರಕ್ಷಣಾ ವ್ಯವಸ್ಥೆಯ ಇನ್ನೊಂದು ದೊಡ್ಡ ಪಡೆಯೂ ಎಚ್ಚೆತ್ತು, ನೆನಪು ಉಳಿಯುತ್ತದೆ. ಇದನ್ನು ಕಾಂಜುಗೇಟ್ ಲಸಿಕೆ ಅಥವಾ ಪಿಸಿವಿ ಎನ್ನುತ್ತಾರೆ. 2000ದಲ್ಲಿ ಏಳು ಬಗೆಗಳ ಪಿಸಿವಿ ಅಮೆರಿಕದ ಮಕ್ಕಳಿಗೆ ಬಂತು, ಹತ್ತು ವರ್ಷದ ನಂತರ ಹದಿಮೂರರದ್ದು, 2021ರಲ್ಲಿ ಹದಿನೈದು ಮತ್ತು ಇಪ್ಪತ್ತು ಬಗೆಗಳದ್ದು, 2024ರಲ್ಲಿ ವಯಸ್ಕರಿಗೆಂದೇ ರೂಪಿಸಿದ ಇಪ್ಪತ್ತೊಂದರದ್ದು.

ಈ ಲಸಿಕೆ ಹಿರಿಯರಲ್ಲಿ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನೆದರ್‌ಲೆಂಡ್ಸಿನಲ್ಲಿ ನಡೆದ ಕಾಪಿಟಾ ಎಂಬ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರವತ್ತೈದು ದಾಟಿದ ಸುಮಾರು 84,500 ಜನರಲ್ಲಿ ಅರ್ಧದಷ್ಟು ಜನರಿಗೆ ಪಿಸಿವಿ 13, ಉಳಿದವರಿಗೆ ಲಸಿಕೆಯಲ್ಲದ ದ್ರಾವಣ ಕೊಡಲಾಗಿತ್ತು. ಲಸಿಕೆಯಲ್ಲಿ ಸೇರಿರುವ ಹದಿಮೂರು ಬಗೆಗಳಿಂದ ಬರುವ ನ್ಯುಮೋನಿಯಾ ಸುಮಾರು ಶೇ. 45ರಷ್ಟು ಕಡಿಮೆಯಾಯಿತು, ಅದೇ ಬಗೆಗಳು ರಕ್ತಕ್ಕೋ ಮಿದುಳಿನ ಪೊರೆಗೋ ನುಗ್ಗುವ ತೀವ್ರ ಕಾಯಿಲೆ ಶೇ. 75ರಷ್ಟು ಕಡಿಮೆಯಾಯಿತು. ಆದರೆ ಎಲ್ಲ ಕಾರಣಗಳ ನ್ಯುಮೋನಿಯಾವನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಎರಡು ಗುಂಪುಗಳ ನಡುವೆ ಖಚಿತವೆನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ಮಾತನ್ನು ಜಾಹೀರಾತುಗಳು ಹೇಳುವುದಿಲ್ಲ, ಅವಸರದಲ್ಲಿರುವ ವೈದ್ಯರೂ ಹೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹಿರಿಯರಿಗೆ ಮೊದಲು ಹೇಳಬೇಕಾದುದೇ ಇದನ್ನು. ಈ ಲಸಿಕೆ ಹಾಕಿಸಿಕೊಂಡರೆ ಇನ್ನು ಮುಂದೆ ಕೆಮ್ಮೇ ಬರುವುದಿಲ್ಲ ಎಂದು ನಂಬಿಸಿ ಕರೆದುಕೊಂಡು ಹೋದರೆ, ಮುಂದಿನ ಶ್ರಾವಣದಲ್ಲಿ ನೆಗಡಿಯಾದ ಕ್ಷಣವೇ ಅವರ ನಂಬಿಕೆ ಮುರಿದುಹೋಗುತ್ತದೆ, ಇನ್ನೊಂದು ಲಸಿಕೆಗೆ ಅವರು ತೋಳು ಕೊಡುವುದಿಲ್ಲ. ನ್ಯುಮೋನಿಯಾದ ಕಾರಣಗಳಲ್ಲಿ ಒಂದು ದೊಡ್ಡ ಕಾರಣವನ್ನು, ಅದರಲ್ಲೂ ಪ್ರಾಣಕ್ಕೆ ಎರವಾಗುವ ಅದರ ರೂಪವನ್ನು, ಇದು ಗಣನೀಯವಾಗಿ ತಡೆಯುತ್ತದೆ ಎಂದಷ್ಟೇ ಹೇಳಿದರೆ ಸಾಕು. ಬದುಕಿನಲ್ಲಿ ಎಷ್ಟೋ ಅರೆಬರೆ ಭರವಸೆಗಳನ್ನು ಕಂಡಿರುವ ಅವರಿಗೆ ಇಷ್ಟು ಅರ್ಥವಾಗದೇ ಇರುವುದಿಲ್ಲ.

ಇನ್ನೊಂದು ಲಸಿಕೆ ಫ್ಲೂ ಅಥವಾ ಇನ್‌ಫ್ಲುಯೆಂಜಾದ್ದು. ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನು ಹಾಳುಮಾಡಿ ಹೋದ ಹಿಂದೆಯೇ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಒಳನುಗ್ಗುತ್ತದೆ. 1918ರ ಮಹಾಮಾರಿಯಲ್ಲಿ ಸತ್ತವರ ಅಂಗಾಂಶಗಳ ಮಾದರಿಗಳನ್ನು ಎಷ್ಟೋ ದಶಕಗಳ ನಂತರ ಮತ್ತೆ ಪರೀಕ್ಷಿಸಿದಾಗ, ಬಹುಪಾಲು ಸಾವುಗಳಿಗೆ ಕಾರಣ ಹೀಗೆ ಹಿಂಬಾಲಿಸಿ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾವೇ ಎಂದು ಕಂಡುಬಂದಿತು. ಫ್ಲೂ ಹೃದಯವನ್ನೂ ಬಿಡುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತವಾಗುವ ಸಂಭವ ಬೇರೆ ಸಮಯಕ್ಕಿಂತ ಸುಮಾರು ಆರು ಪಟ್ಟು ಹೆಚ್ಚು. ಸ್ಟೆಂಟ್ ಹಾಕಿಸಿಕೊಂಡವರ ಮನೆಯಲ್ಲಿ ಎಣ್ಣೆ, ಉಪ್ಪಿನ ಲೆಕ್ಕ ಇಡುವಷ್ಟೇ ಶ್ರದ್ಧೆಯಿಂದ ಫ್ಲೂ ಲಸಿಕೆಯ ಲೆಕ್ಕವನ್ನೂ ಇಡಬೇಕೆನ್ನುವುದು ಇದೇ ಕಾರಣಕ್ಕೆ.

ಫ್ಲೂ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಬೇಕು, ಏಕೆಂದರೆ ವೈರಸ್ ವರ್ಷವರ್ಷವೂ ರೂಪ ಬದಲಿಸುತ್ತದೆ, ಲಸಿಕೆಯಿಂದ ಬಂದ ರಕ್ಷಣೆಯೂ ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ಲಸಿಕೆ ಮತ್ತು ಆ ವರ್ಷದ ವೈರಸ್ ಚೆನ್ನಾಗಿ ಹೊಂದಿಕೊಂಡಾಗ ಕಾಯಿಲೆಯ ಸಂಭವ ಶೇ. 40ರಿಂದ 60ರಷ್ಟು ತಗ್ಗುತ್ತದೆ. ಹಿರಿಯರಲ್ಲಿ ಇದಕ್ಕಿಂತ ಕಡಿಮೆಯೂ ಇರಬಹುದು. ಯಾವಾಗ ಹಾಕಿಸಬೇಕು ಎಂಬಲ್ಲಿ ನಮ್ಮವರಿಗೆ ಗೊಂದಲವಾಗುತ್ತದೆ. ಅಮೆರಿಕದಲ್ಲಿರುವ ಮಗಳು ಅಕ್ಟೋಬರ್‌ನಲ್ಲಿ ಫೋನ್ ಮಾಡಿ, ಇಲ್ಲಿ ಎಲ್ಲರೂ ಫ್ಲೂ ಶಾಟ್ ತೆಗೆದುಕೊಳ್ಳುತ್ತಿದ್ದಾರೆ, ಅಪ್ಪನಿಗೂ ಹಾಕಿಸಿ ಎನ್ನುತ್ತಾಳೆ. ಅಲ್ಲಿಯ ಚಳಿಗಾಲಕ್ಕೆ ಅದು ಸರಿ. ನಮ್ಮ ದೇಶದಲ್ಲಿ ಶ್ರೀನಗರದಂಥ ಕಡೆ ಚಳಿಗಾಲದಲ್ಲಿ ಫ್ಲೂ ಏರಿದರೆ, ಬಹುಪಾಲು ಊರುಗಳಲ್ಲಿ ಅದು ಏರುವುದು ಮಳೆಯ ಜೊತೆಗೆ. ಜನವರಿಯಿಂದ ಮಾರ್ಚ್ ನಡುವೆ ಇನ್ನೊಂದು ಸಣ್ಣ ಏರಿಕೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಲಸಿಕೆಯ ಸಂಯೋಜನೆಯನ್ನು ಹೇಳುತ್ತದೆ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ದಕ್ಷಿಣದ್ದೆಂದು ಹೆಸರಿರುವ ಲಸಿಕೆ ಮುಂಗಾರಿಗೆ ಮುನ್ನ ದೊರೆಯುವುದರಿಂದ ಕರ್ನಾಟಕದವರಿಗೆ ಅದೇ ಹೊಂದುತ್ತದೆ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬಲಿಯಲು ಎರಡು ವಾರ ಬೇಕು. ಆದ್ದರಿಂದ ಮೇ ತಿಂಗಳು, ಉಪ್ಪಿನಕಾಯಿ ಹಾಕಿ, ಸೌದೆ ಒಟ್ಟಿ ಮಳೆಗಾಲಕ್ಕೆ ಮನೆ ಸಿದ್ಧವಾಗುವ ಸಮಯವೇ, ಸೂಕ್ತ ಸಮಯ.

ಅತ್ತೆ ಚೇತರಿಸಿಕೊಂಡ ಮೇಲೆ ವೈದ್ಯರ ಸಲಹೆಯಂತೆ ಪಿಸಿವಿ ಹಾಕಿಸಿದ ದಿನದ ಒಂದು ಚಿತ್ರ ನನಗೆ ಸ್ಪಷ್ಟವಾಗಿದೆ. ನಾವು ಮೊದಲೇ ಹೇಳಿದ್ದರಿಂದ ಔಷಧಿ ಅಂಗಡಿಯವರು ಅದನ್ನು ತರಿಸಿಟ್ಟಿದ್ದರು. ಫ್ರಿಜ್ಜಿನಿಂದ ತೆಗೆದು ಸಣ್ಣ ಥರ್ಮೋಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆಯ ಪೊಟ್ಟಣದ ನಡುವೆ ಇಟ್ಟು, ದಾರಿಯಲ್ಲಿ ಎಲ್ಲೂ ನಿಲ್ಲಬೇಡಿ ಎಂದು ಕೊಟ್ಟರು. ಕ್ಲಿನಿಕ್ಕಿನ ನರ್ಸ್ ಸಿರಿಂಜನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಬಿಳಿಯ ಗಸಿ, ಮೇಲೆ ತಿಳಿ ನೀರು. ಅವರು ಅದನ್ನು ಜೋರಾಗಿ ಅಲ್ಲಾಡಿಸಿ, ಪೂರ್ತಿ ಹಾಲಿನ ಬಣ್ಣ ಬಂದ ಮೇಲೆಯೇ ಸೂಜಿ ಸಿಕ್ಕಿಸಿದರು. ಆ ಗಸಿಯಲ್ಲಿ ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸಿದ ಅಲ್ಯೂಮಿನಿಯಂ ಲವಣ ಇರುತ್ತದೆಂದೂ, ಅಲ್ಲಾಡಿಸದೆ ಕೊಡಬಾರದೆಂದೂ ವಿವರಿಸಿದರು. ಅತ್ತೆ ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದುದರಿಂದ ಸಣ್ಣ ಸೂಜಿ ಬಳಸಿ, ಆಮೇಲೆ ಉಜ್ಜದೆ, ಹತ್ತಿಯನ್ನು ಒತ್ತಿ ಹಿಡಿಸಿದರು. ಎರಡು ದಿನ ತೋಳು ನೋಯಿತು, ಮೈ ಸ್ವಲ್ಪ ಬಿಸಿಯಿತ್ತು, ಅಷ್ಟೇ. ಕಾರ್ಡಿನಲ್ಲಿ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ ಬರೆಸಿಕೊಂಡು ಬಂದೆವು. ಆ ಕಾರ್ಡನ್ನು ಜೋಪಾನ ಮಾಡುವುದು ಮುಖ್ಯ, ಏಕೆಂದರೆ ಮುಂದಿನ ತೀರ್ಮಾನ ಹಿಂದೆ ಯಾವುದು ಆಗಿದೆ ಎಂಬುದನ್ನು ಅವಲಂಬಿಸುತ್ತದೆ. ಪಿಸಿವಿ 13 ಆಗಿದ್ದರೆ ಸಾಮಾನ್ಯವಾಗಿ ಒಂದು ವರ್ಷದ ನಂತರ ಪಿಪಿಎಸ್‌ವಿ 23 ಕೊಡುತ್ತಾರೆ, ರೋಗನಿರೋಧಕ ಶಕ್ತಿ ತೀರ ಕುಗ್ಗಿದವರಿಗೆ ಎಂಟು ವಾರದ ನಂತರವೇ ಕೊಡುವುದುಂಟು. ಪಿಪಿಎಸ್‌ವಿ ಮೊದಲೇ ಆಗಿದ್ದರೆ ಒಂದು ವರ್ಷ ಕಾದು ಪಿಸಿವಿ ಕೊಡುತ್ತಾರೆ. ಇಪ್ಪತ್ತು ಬಗೆಗಳ ಪಿಸಿವಿ ಸಿಕ್ಕಿದರೆ ಅದೊಂದೇ ಸಾಕಾಗುತ್ತದೆ. ಯಾರಿಗೆ ಯಾವುದು ಎಂಬುದನ್ನು ಅವರ ಕಾಯಿಲೆಗಳನ್ನು ಬಲ್ಲ ವೈದ್ಯರೇ ಹೇಳಬೇಕು. ಫ್ಲೂ ಲಸಿಕೆಯನ್ನೂ ಇದನ್ನೂ ಒಂದೇ ದಿನ ಬೇರೆ ಬೇರೆ ತೋಳಿಗೆ ಕೊಡಬಹುದು.

ಹಣದ ಮಾತನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಪಿಸಿವಿಯ ಒಂದು ಡೋಸಿಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಪಿಂಚಣಿ ಬರುವ ಮನೆಗೆ ಅದು ಯೋಚಿಸಿ ಮಾಡುವ ಖರ್ಚು, ಕೂಲಿಯ ಮೇಲೆ ನಡೆಯುವ ಮನೆಗೆ ಆಗದ ಮಾತು. ಹಿರಿಯರು ಬೇಡ ಎನ್ನುವುದರ ಹಿಂದೆ ಸೂಜಿಯ ಭಯಕ್ಕಿಂತ ಇದೇ ಹೆಚ್ಚಾಗಿ ಇರುತ್ತದೆ. ಈ ವಯಸ್ಸಿನಲ್ಲಿ ನನಗ್ಯಾಕೆ ಅಷ್ಟು ದುಡ್ಡು ಸುರಿಯುತ್ತೀರಿ, ಮೊಮ್ಮಗಳ ಫೀಸಿಗಾದರೂ ಆದೀತು ಎನ್ನುವ ಮಾತನ್ನು ಕೇಳದವರು ಯಾರು? ಅದನ್ನು ಹಟವೆಂದು ತಿಳಿಯುವುದು ತಪ್ಪು. ತಮ್ಮ ಮೇಲೆ ಖರ್ಚು ಮಾಡಿಸಿಕೊಳ್ಳಲು ಸಂಕೋಚಪಟ್ಟೇ ಬಾಳಿದ ಒಂದು ತಲೆಮಾರಿನ ಮಾತು ಅದು, ವಿಶೇಷವಾಗಿ ಹೆಂಗಸರದ್ದು. ಅಂಥವರ ಎದುರು ಅಂಕಿಅಂಶ ಹೇಳುವುದಕ್ಕಿಂತ, ನೀವು ನಿಮ್ಮ ಕಾಲ ಮೇಲೆ ನಿಂತು ಓಡಾಡಿಕೊಂಡಿರುವುದು ನಮಗೆ ಬೇಕು ಎಂದು ನೇರವಾಗಿ ಹೇಳುವುದೇ ಮೇಲು.

ಲಸಿಕೆ ಹಾಕಿಸಿ ಸುಮ್ಮನೆ ಕೂರುವಂತಿಲ್ಲ. ನ್ಯುಮೋನಿಯಾದ ದೊಡ್ಡ ಪಾಲೊಂದು ಬಾಯಿಯಿಂದ ಶುರುವಾಗುತ್ತದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಪಾರ್ಶ್ವವಾಯು, ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆ ಇದ್ದವರಲ್ಲಿ ನುಂಗುವ ಶಕ್ತಿ ಕುಂದಿ, ಗಂಜಿಯೋ ನೀರೋ ನೆತ್ತಿಗೆ ಹತ್ತುತ್ತದೆ; ಕೆಮ್ಮು ಬಲವಾಗಿಲ್ಲದಿದ್ದರೆ ಅದು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಜೊತೆಗೆ ಬಾಯಿಯ ಬ್ಯಾಕ್ಟೀರಿಯಾವನ್ನೂ ಒಯ್ಯುತ್ತದೆ. ಜಪಾನಿನ ಹನ್ನೊಂದು ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ಸಿಬ್ಬಂದಿಯೇ ಹಲ್ಲುಜ್ಜಿಸಿದ ಗುಂಪಿನಲ್ಲಿ ಶೇ. 11ರಷ್ಟು ಜನರಿಗೆ ನ್ಯುಮೋನಿಯಾ ಬಂದರೆ, ಹಾಗೆ ಮಾಡದ ಗುಂಪಿನಲ್ಲಿ ಅದು ಶೇ. 19ರಷ್ಟಿತ್ತು. ಒಂದು ಬ್ರಷ್ಷಿನಿಂದ ಆದ ವ್ಯತ್ಯಾಸ ಅದು. ಜಪಾನಿನಲ್ಲೇ ಎಂಬತ್ತೈದು ದಾಟಿದವರ ಮೇಲೆ ನಡೆದ ಇನ್ನೊಂದು ಅಧ್ಯಯನ, ರಾತ್ರಿ ಹಲ್ಲಿನ ಸೆಟ್ಟು ತೆಗೆಯದೆ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಎಂದಿತು. ಹಾಸಿಗೆ ಹಿಡಿದವರಿಗೆ ಮಲಗಿದಲ್ಲೇ ಚಮಚದಿಂದ ನೀರು ಹನಿಸುವುದು ಪ್ರೀತಿಯ ಕೆಲಸವೇ, ಆದರೆ ಅದೇ ಅಪಾಯವನ್ನೂ ತರುತ್ತದೆ; ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗಲ್ಲವನ್ನು ಸ್ವಲ್ಪ ತಗ್ಗಿಸಿ, ಸಣ್ಣ ಸಣ್ಣ ತುತ್ತು ಕೊಟ್ಟು, ಊಟವಾದ ಮೇಲೂ ಅರ್ಧ ಗಂಟೆ ಕೂರಿಸಬೇಕು. ಹೊಗೆಯ ಬಗ್ಗೆಯೂ ಹೇಳಬೇಕು. ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆ ಸೌದೆಯಲ್ಲೇ ಉರಿಯುತ್ತದೆ, ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆ ಒಳಗೇ ಸುತ್ತುತ್ತದೆ, ಬೆಚ್ಚಗಿರುತ್ತದೆಂದು ಅದರ ಮುಂದೆ ಕೂರುವವರು ಹಿರಿಯರೇ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸುವುದನ್ನು ಮರೆಯಬಾರದು, ನಮ್ಮ ದೇಶದಲ್ಲಿ ಕ್ಷಯ ಇನ್ನೂ ದೂರವಾಗಿಲ್ಲ.

ಮಕ್ಕಳಿಗೆ ಪಿಸಿವಿ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2017ರ ಮೇ ತಿಂಗಳಲ್ಲಿ ಕೆಲವು ರಾಜ್ಯಗಳಿಂದ ಶುರುವಾಗಿ 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಹತ್ತು ಬಗೆಗಳ ಪಿಸಿವಿಯನ್ನು ಇಲ್ಲೇ ತಯಾರಿಸುತ್ತಿದೆ. ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಹೀಗೆ ಮೂರು ಡೋಸ್ ಉಚಿತ. ಈ ರೋಗಾಣು ಮಕ್ಕಳ ಮೂಗು ಗಂಟಲಿನಲ್ಲಿ ನೆಲೆಸಿ ಮನೆಯವರಿಗೆ ಹರಡುವುದರಿಂದ, ಅಮೆರಿಕದಲ್ಲಿ ಮಕ್ಕಳಿಗೆ ಲಸಿಕೆ ಶುರುವಾದ ಕೆಲವೇ ವರ್ಷಗಳಲ್ಲಿ ಲಸಿಕೆಯೇ ಹಾಕಿಸಿಕೊಳ್ಳದ ಹಿರಿಯರಲ್ಲೂ ಆ ಬಗೆಗಳ ತೀವ್ರ ಕಾಯಿಲೆ ಇಳಿಯಿತು. ಮೊಮ್ಮಗುವಿನ ಮೂರು ಡೋಸನ್ನು ತಪ್ಪದೆ ಹಾಕಿಸುವುದು ತಾತನಿಗೂ ಮಾಡುವ ಉಪಕಾರವೇ. ಆದರೆ ತಾತನಿಗೆಂದೇ ಸರ್ಕಾರದ ಕಾರ್ಯಕ್ರಮದಲ್ಲಿ ಈ ಲಸಿಕೆ ಇಲ್ಲ, ಫ್ಲೂ ಲಸಿಕೆಯೂ ಇಲ್ಲ. 2017-18ರ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆಯಲ್ಲಿ ನಲವತ್ತೈದು ದಾಟಿದವರನ್ನು ಕೇಳಿದಾಗ, ಫ್ಲೂ ಲಸಿಕೆ ಹಾಕಿಸಿಕೊಂಡವರು ಶೇ. 1.5, ನ್ಯುಮೋಕಾಕಸ್ ಲಸಿಕೆ ಹಾಕಿಸಿಕೊಂಡವರು ಶೇ. 0.6 ಮಾತ್ರ.

ಇದು ಆಗದ ಕೆಲಸ ಎಂದು ಯಾರಾದರೂ ಹೇಳಿದರೆ ನಾನು 2021ರ ಮಾರ್ಚ್ 1ನ್ನು ನೆನಪಿಸುತ್ತೇನೆ. ಅಂದಿನಿಂದ ಅರವತ್ತು ದಾಟಿದವರು ಕೋಲೂರಿಕೊಂಡು, ಮಕ್ಕಳ ಸ್ಕೂಟರಿನ ಹಿಂದೆ ಕುಳಿತು, ಊರೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮುಂದೆ ಸಾಲು ನಿಂತರು. ನಡೆಯಲಾಗದವರ ಮನೆಗೆ ಸಿಬ್ಬಂದಿಯೇ ಹೋದರು. ಶೀತಲ ಪೆಟ್ಟಿಗೆ, ಪಟ್ಟಿ, ನರ್ಸ್, ಆಶಾ, ಇವೆಲ್ಲ ಈಗಲೂ ಅಲ್ಲೇ ಇವೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಎಪ್ಪತ್ತು ದಾಟಿದ ಎಲ್ಲರಿಗೂ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ಯೋಜನೆಗೆ ಚಾಲನೆ ನೀಡಿತು. ಅದು ಸ್ವಾಗತಾರ್ಹವೇ. ಆದರೆ ನ್ಯುಮೋನಿಯಾದಿಂದ ಐಸಿಯು ಸೇರಿದ ಮೇಲೆ ಲಕ್ಷಗಟ್ಟಲೆ ಕೊಡಲು ಸಿದ್ಧವಿರುವ ವ್ಯವಸ್ಥೆ, ಆ ದಿನ ಬಾರದಂತೆ ತಡೆಯಲು ನೆರವಾಗುವ ಒಂದು ಡೋಸನ್ನು ಕೊಡುವುದಿಲ್ಲ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಎಲ್ಲರಿಗೂ ಒಮ್ಮೆಲೇ ಕೊಡಲು ಹಣ ಸಾಲದೆಂದರೆ ಅತಿ ಅಪಾಯದಲ್ಲಿರುವವರಿಂದ ಶುರುಮಾಡಬಹುದು, ಅವರನ್ನು ಹೊಸದಾಗಿ ಹುಡುಕುವ ಅಗತ್ಯವೂ ಇಲ್ಲ. ಪ್ರತಿ ತಿಂಗಳು ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಾಗಿ ಆರೋಗ್ಯ ಕೇಂದ್ರಕ್ಕೆ ಬರುವವರ ಹೆಸರು ಅಲ್ಲಿಯ ರಿಜಿಸ್ಟರಿನಲ್ಲಿದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ಇದೇ ಕಾಯಿಲೆಗಳ ತಪಾಸಣೆಯನ್ನೂ ಮಾಡಲಾಗುತ್ತಿದೆ. ಅದೇ ರಿಜಿಸ್ಟರಿನಲ್ಲಿ ಅರವತ್ತೈದು ದಾಟಿದವರ ಹೆಸರಿನ ಮುಂದೆ ಇನ್ನೆರಡು ಅಂಕಣ ಎಳೆದು, ಒಂದರಲ್ಲಿ ಫ್ಲೂ ಲಸಿಕೆಯ ವರ್ಷವನ್ನೂ ಇನ್ನೊಂದರಲ್ಲಿ ಪಿಸಿವಿಯ ದಿನಾಂಕವನ್ನೂ ಬರೆಯುವಂತಾದರೆ, ಮಾತ್ರೆ ತೆಗೆದುಕೊಳ್ಳಲು ಬಂದ ದಿನವೇ, ಬೇರೆ ಬಸ್ಸು ಹತ್ತದೆ, ಅವರ ಲಸಿಕೆಯೂ ಮುಗಿಯುತ್ತದೆ.